ಅರ್ಧ ಮುಚ್ಚಿದ ತೂಬು

ನಮ್ಮೂರಿನಲ್ಲಿ ಯಾರೂ ಬರಿಗೈಯಲ್ಲಿ ಇರುವುದಿಲ್ಲ. ಎರಡರಲ್ಲಿ ಒಂದು ಕೈಯಲ್ಲಾದರೂ ಏನಾದರೊಂದು ಇರಲೇಬೇಕು: ಸೌಟು, ಕೊಡೆ, ಬಾಗಿಲ ಕೀಲಿ, ನಿಂಬೆಹಣ್ಣು, ಏನೂ ಸಿಗದಿದ್ದರೆ ಉಟ್ಟ ಬಟ್ಟೆಯ ಚುಂಗು. ತನ್ನ ಕೈಯನ್ನು ತಾನೇ ಹಿಡಿದುಕೊಂಡರೆ ನಡೆಯುವುದಿಲ್ಲ, ಇನ್ನೊಬ್ಬರ ಕೈ ಹಿಡಿದರೆ ನಡೆಯುತ್ತದೆ. ಎರಡೂ ಕೈ ಬರಿದಾದ ಮನುಷ್ಯ, ಒಂದು ಲೋಟ ನೀರು ಕುಡಿಯುವಷ್ಟು ಹೊತ್ತಿನಲ್ಲಿ, ನಿಂತ ಜಾಗದಿಂದ ಇಲ್ಲವಾಗಿ ಆ ಕಡೆ ಹೋಗಿಬಿಡುತ್ತಾನೆ. ಅದಕ್ಕೇ ಕೂಸು ಹುಟ್ಟಿದ ಕೂಡಲೇ ಸೂಲಗಿತ್ತಿ ಅದರ ಮುಷ್ಟಿಯೊಳಗೆ ದಾರದ ಉಂಡೆ ಇಡುತ್ತಾಳೆ. ಮಲಗುವಾಗ ಹೊದಿಕೆಯ ಮೂಲೆಯನ್ನು ಅಂಗೈಗೆ ಕಟ್ಟಿಕೊಳ್ಳುತ್ತೇವೆ. ದೇವರಿಗೆ ಕೈ ಮುಗಿಯುವಾಗ ನಡುವೆ ಒಂದು ಎಲೆ ಇರುತ್ತದೆ. ಚಪ್ಪಾಳೆ ತಟ್ಟುವ ರೂಢಿ ನಮ್ಮಲ್ಲಿಲ್ಲ. ಹಾಡು ಮನಸ್ಸಿಗೆ ಹಿಡಿಸಿದರೆ ಕಾಲಿನಿಂದ ನೆಲ ಗುದ್ದುತ್ತೇವೆ. ಇಷ್ಟೆಲ್ಲ ಇದ್ದೂ ಜನ ಹೋಗುತ್ತಲೇ ಇರುತ್ತಾರೆ. ಹೆಚ್ಚಿನವರು ಹೋಗುವುದು ಬಚ್ಚಲಿನಿಂದ. ಸಾಬೂನು ಜಾರುತ್ತದೆ, ಕಣ್ಣಲ್ಲಿ ನೊರೆ, ತಂಬಿಗೆಗಾಗಿ ತಡಕಾಡುವಷ್ಟರಲ್ಲಿ ಆಗಬೇಕಾದದ್ದು ಆಗಿರುತ್ತದೆ. ಆ ಕಡೆಯ ಸೈನ್ಯದಲ್ಲಿ ನಮ್ಮೂರಿನವರೆಂದರೆ ಮೈತುಂಬ ನೊರೆ ಬಳಿದುಕೊಂಡು ಬರುವ ವೀರರೆಂದೇ ಹೆಸರಂತೆ.

ಆ ಕಡೆ ಯುದ್ಧ ನಡೆದಿದೆ. ನನ್ನ ಅಜ್ಜ ಹುಟ್ಟುವ ಮೊದಲೇ ಬೂದಿಯರಸನಿಗೂ ನದಿಯ ಮಂದಿಗೂ ಹೊತ್ತಿಕೊಂಡದ್ದು ಇನ್ನೂ ಆರಿಲ್ಲ. ಹೋದವರೆಲ್ಲ ಬೀಳುವುದು ಅಲ್ಲಿನ ಒಂದೇ ಬಯಲಿನಲ್ಲಿ. ಬಿದ್ದ ಕೂಡಲೇ ನದಿಯ ಮಂದಿ ಓಡಿಬಂದು ಕೈಗೊಂದು ಈಟಿ ಕೊಡುತ್ತಾರೆ. ಕೊಡದಿದ್ದರೆ ಬಂದವರು ಹಾಗೆಯೇ ವಾಪಸು, ಏಕೆಂದರೆ ಅಲ್ಲಿಯೂ ಇದೇ ನಿಯಮ: ಎರಡೂ ಕೈ ಬರಿದಾದರೆ ಊರಿಗೆ, ಹೊರಟ ಜಾಗಕ್ಕೇ, ಬಂದು ಬೀಳುತ್ತಾರೆ. ಹಾಗೆ ಬಂದವರ ಕೈಗೆ ನಾವೂ ಏನಾದರೂ ತುರುಕಬೇಕು, ತಡವಾದರೆ ಮತ್ತೆ ಅತ್ತ. ಹಾಗಾಗಿ ಹೋದವರ ಜಾಗದ ಬಳಿ ಮನೆಯವರು ಯಾರಾದರೊಬ್ಬರು ಇದ್ದೇ ಇರುತ್ತಾರೆ. ಅಲ್ಲಿ ಮಂಚ, ಕಪಾಟು, ಧಾನ್ಯದ ಚೀಲ ಇಡುವುದಿಲ್ಲ.

ಯುದ್ಧದ ಕಥೆ ನಮಗೆ ಸಿಗುವುದು ತಿರುಗಿ ಬಂದವರ ಬಾಯಿಂದ, ಬಿಡಿಬಿಡಿಯಾಗಿ. ಬೂದಿಯರಸ ಹಳದಿ ಕೋಟೆಯನ್ನು ಮುತ್ತಿದ ಭಾಗವನ್ನು ಒಬ್ಬ ಕ್ಷೌರಿಕ ತಂದ. ಕೋಟೆ ಬಿತ್ತೋ ಉಳಿಯಿತೋ ಎಂದು ಊರು ವರ್ಷಗಟ್ಟಲೆ ಚಹಾದಂಗಡಿಯಲ್ಲಿ ಹೊಡೆದಾಡಿತು. ಕೊನೆಗೆ ಅಂಚೆ ಕಚೇರಿಯ ಹೆಂಗಸೊಬ್ಬಳು ಬಂದು, ಕೋಟೆ ಬಿತ್ತು, ಆದರೆ ಒಳಗೆ ಒಂದು ಮುದಿ ಆನೆಯ ಹೊರತು ಯಾರೂ ಇರಲಿಲ್ಲ ಎಂದಳು. ಪಂತ ಕಟ್ಟಿದವರ ಮುಖ ನೋಡಬೇಕಿತ್ತು. ತಿರುಗಿ ಬಂದವರು ಮಿಂದು ಉಂಡು ಮರುದಿನ ಸಂಜೆ ಬಾವಿಕಟ್ಟೆಯ ಮೇಲೆ ಕೂತು ತಮ್ಮ ಕಥೆ ಹೇಳಬೇಕು, ಒಂದೇ ಸಲ. ಆಮೇಲೆ ಅವರು ಅಲ್ಲಿ ಏನಾಗಿದ್ದರೋ ಅದನ್ನು ಮರೆತು ಇಲ್ಲಿನ ಕೆಲಸಕ್ಕೆ ಹತ್ತಬೇಕು. ಕ್ಷೌರಿಕ ಅಲ್ಲಿ ದಂಡನಾಯಕನಾಗಿದ್ದ. ಇಲ್ಲಿ ಅವನ ಮುಂದೆ ಗಲ್ಲ ಒಡ್ಡಿ ಕೂತವರು, "ಮೀಸಿ ಸಣ್ಣ ಮಾಡೋ" ಎನ್ನುತ್ತಿದ್ದರು. ಅವನೂ ಮಾಡುತ್ತಿದ್ದ.

ನಾನು ಬ್ಯಾಂಡ್ ಕಂಪನಿಯಲ್ಲಿ ಕ್ಲಾರಿಯೋನೆಟ್ ಊದುವವನು. ಬ್ಯಾಂಡಿನವರ ಕೈ ಸದಾ ತುಂಬಿರುವುದರಿಂದ ನಮ್ಮಲ್ಲಿ ಇದುವರೆಗೆ ಹೋದವನು ಒಬ್ಬನೇ, ತಾಳದವನು. ಮದುವೆಯ ಮೆರವಣಿಗೆಯಲ್ಲಿ ಎರಡೂ ತಾಳವನ್ನು ಮೇಲಕ್ಕೆಸೆದು ಹಿಡಿಯುವ ಚಮತ್ಕಾರ ತೋರಿಸಲು ಹೋದ. ತಾಳ ಕೆಳಗೆ ಬಂದವು, ಅವನು ಬರಲಿಲ್ಲ. ನಮ್ಮ ಅಪ್ಪ ನೀರು ಬಿಡುವವನು. ಊರಿನ ಓಣಿಗಳಿಗೆ ಸರದಿಯ ಮೇಲೆ ನೀರು ಬಿಡಲು ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವು ತಿರುಗಿಸುವ ಕೆಲಸ. ನಾನು ಅದನ್ನು ಕಲಿಯದೆ ಊದುವುದನ್ನು ಕಲಿತೆ. ಅಪ್ಪನ ಹಿಂದೆ ಕೀಲಿ ಹೊತ್ತುಕೊಂಡು ಹೋಗುತ್ತಿದ್ದವಳು ಅಕ್ಕ, ನೀಲಗಂಗವ್ವ. ಹೆಣ್ಣುಮಗಳಿಗೆ ಆ ನೌಕರಿ ಕೊಡುವುದಿಲ್ಲ ಎಂದರು, ಹಾಗಾಗಿ ಅವಳನ್ನು ಮದುವೆಯಾದ ದುಂಡೆಪ್ಪ ಮಾಮಾನಿಗೆ ಕೊಟ್ಟರು.

ಮಾಮಾ ಹೋದದ್ದು ಮೇಲೋಣಿಯ ವಾಲ್ವಿನ ಗುಂಡಿಯಿಂದ. ಬಗ್ಗಿ ತಿರುಗಿಸುವಾಗ ಕೀಲಿ ಕೈ ಜಾರಿ ಕೆಸರಿಗೆ ಬಿತ್ತು. ಕೆಸರಿನೊಳಗೆ ಕೈ ಆಡಿಸಿದ, ಸಿಗಲಿಲ್ಲ, ಮಾಮಾನೂ ಆಮೇಲೆ ಸಿಗಲಿಲ್ಲ. ಆಗ ಊರಿಗೆ ನೀರು ಬೇಕಾಯಿತು, ಹೆಣ್ಣುಮಗಳಿಗೆ ಕೊಡುವುದಿಲ್ಲ ಎಂದವರೇ ಬಂದು ಅಕ್ಕನ ಕೈಗೆ ಕೀಲಿ ಕೊಟ್ಟರು. ಅವಳು ಊರಿಗೆಲ್ಲ ನೀರು ಬಿಡುತ್ತ, ಉಳಿದ ಹೊತ್ತಿನಲ್ಲಿ ಅದೇ ಗುಂಡಿಯ ಅಂಚಿನಲ್ಲಿ ಕೂತು ಕಾಯುತ್ತ ವರ್ಷಗಳನ್ನು ಕಳೆದಳು. ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಅವಳು ವಾಲ್ವು ತಿರುಗಿಸುತ್ತಿದ್ದಾಗಲೇ ಪಕ್ಕದಲ್ಲಿ ಮಾಮಾ ಧೊಪ್ಪನೆ ಬಿದ್ದ. ಮೈಯೆಲ್ಲ ಒದ್ದೆ, ಗಡ್ಡ ಎದೆಯವರೆಗೆ, ಅಂಗೈಯ ಚರ್ಮ ಸುಲಿದು ಕೆಂಪಾಗಿತ್ತು. ಅಕ್ಕ ಕೀಲಿಯ ಇನ್ನೊಂದು ತುದಿಯನ್ನು ಅವನ ಕೈಗೆ ಕೊಟ್ಟು, "ಹಿಡೀರಿ, ಇನ್ನ ಎರಡು ಸುತ್ತು ಬಾಕಿ ಐತಿ" ಎಂದಳಂತೆ. ಇಬ್ಬರೂ ಸೇರಿ ತಿರುಗಿಸಿ ಮೇಲೋಣಿಗೆ ನೀರು ಬಿಟ್ಟೇ ಮನೆಗೆ ಬಂದರು.

ಬಾವಿಕಟ್ಟೆಯ ಮೇಲೆ ಮಾಮಾ ಹೇಳಿದ ಕಥೆಗೆ ಊರು ನೆಲ ಗುದ್ದಿದ್ದೇ ಗುದ್ದಿದ್ದು. ಆ ಕಡೆ ಅವನನ್ನು ನೀರೊಡೆಯ ಎನ್ನುತ್ತಿದ್ದರು. ಹೊಳೆಗೆ ಅಡ್ಡ ಕಟ್ಟಿದ ದೊಡ್ಡ ಕಟ್ಟೆಯ ತೂಬುಗಳೆಲ್ಲ ಅವನ ಕೈಯಲ್ಲಿದ್ದವು. ಬೂದಿಯರಸನ ಕುದುರೆಗಳನ್ನು ಅವನು ಎರಡು ಸಲ ಹೊಳೆಯಲ್ಲಿ ತೇಲಿಸಿಬಿಟ್ಟಿದ್ದ. ಆದರೆ ಕಥೆ ಮುಗಿಯಲಿಲ್ಲ. ಬೂದಿಯರಸನ ಸೋತ ಸೈನ್ಯ ಓಡುವಾಗ ಕಟ್ಟೆಯ ಹಿರೀ ತೂಬನ್ನು ತೆರೆದುಬಿಟ್ಟು ಓಡಿತು. ಕೆಳಗಿನ ಊರುಗಳಿಗೆ ನೀರು ನುಗ್ಗಿತು. ತೂಬು ಮುಚ್ಚುವುದಕ್ಕೆ ಬಂಡಿಗಾಲಿಯಷ್ಟು ದೊಡ್ಡ ಗಾಲಿ, ಮಾಮಾ ಅದನ್ನು ತಿರುಗಿಸಿ ತಿರುಗಿಸಿ ತೂಬನ್ನು ಅರ್ಧ ಮುಚ್ಚಿದ್ದ. ಆಗ ಒದ್ದೆ ಗಾಲಿಯಿಂದ ಎರಡೂ ಕೈ ಒಮ್ಮೆಲೇ ಜಾರಿದವು. ಕಣ್ಣು ಬಿಟ್ಟರೆ ಮೇಲೋಣಿಯ ಗುಂಡಿ, ಅಕ್ಕ, ಇನ್ನೆರಡು ಸುತ್ತು. "ಅರ್ಧ ಮುಚ್ಚಿತ್ತು" ಎಂದು ಹೇಳಿ ಮಾಮಾ ಬಾವಿಕಟ್ಟೆಯಿಂದ ಇಳಿದ. ಯಾರೋ ಹಿಂದಿನಿಂದ, "ಉಳದ ಅರ್ಧ ಯಾರ ತರ್ತಾರೋ ಏನೋ" ಎಂದರು. ಊರಿಗೆ ಅದು ಕಥೆಯ ಉಳಿದ ಅರ್ಧ, ಮಾಮಾನಿಗೆ ತೂಬಿನ ಉಳಿದ ಅರ್ಧ.

ನೀರಿನ ಕೆಲಸ ಮತ್ತೆ ಮಾಮಾನಿಗೆ ಬಂತು. ಅಂದಿನಿಂದ ಅಕ್ಕನಿಗೆ ಅವನನ್ನು ಕಾಯುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ. ಮಾಮಾ ಕೂತಲ್ಲಿ ನಿಂತಲ್ಲಿ ಕೈ ಬಿಡುತ್ತಿದ್ದ. ಬೇಕೆಂದೇ ಬಿಡುತ್ತಿದ್ದನೋ, ಯೋಚನೆಯಲ್ಲಿ ಬೆರಳು ಸಡಿಲಾಗುತ್ತಿತ್ತೋ ಹೇಳುವುದು ಕಷ್ಟ. ಅಕ್ಕ ಬಂದು ಕೈಗೆ ಬೆಳ್ಳುಳ್ಳಿ ಇಡುತ್ತಿದ್ದಳು. ಸುಲಿದು ಮುಗಿಸಿದರೆ ಬಿಚ್ಚಬೇಕಾದ ಗಂಟು, ಅದೂ ಮುಗಿದರೆ ಬತ್ತಿ ಹೊಸೆಯಲು ಹತ್ತಿ. ಓಣಿಯವರೂ ಕೈಜೋಡಿಸಿದರು. ಮಾಮಾ ದಾರಿಯಲ್ಲಿ ಕಂಡರೆ ಅಂಗಡಿಕಾರರು ಕರೆದು ಕರೆದು ಬೆಲ್ಲದ ಚೂರು ಕೊಡುತ್ತಿದ್ದರು. ಮಲಗುವಾಗ ಅಕ್ಕ ಅವನ ಮುಂಗೈಯನ್ನು ತನ್ನ ಸೆರಗಿಗೆ ಕಟ್ಟಿ ತುದಿಯನ್ನು ಅವನ ಅಂಗೈಯೊಳಗಿಟ್ಟು ಮಡಚುತ್ತಿದ್ದಳು. ಒಂದು ದಿನ ನಾನು ಅಲ್ಲೇ ಊಟಕ್ಕೆ ಕೂತಿದ್ದೆ. ಮಾಮಾ ತಟ್ಟೆ ಸರಿಸಿ ಎರಡೂ ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ಕೂತ. ಅಕ್ಕ ಹಿಟ್ಟಿನ ಕೈಯಲ್ಲೇ ಓಡಿಬಂದು ಅವನ ಮಣಿಕಟ್ಟು ಹಿಡಿದಳು.

"ಗಂಗಾ, ಕೂಸಿನಂಗ ಎಷ್ಟ ದಿನ ಹಿಡಕೊಂಡ ಕೂರತಿ?" ಎಂದ ಮಾಮಾ. ದನಿಯಲ್ಲಿ ಸಿಟ್ಟಿರಲಿಲ್ಲ.

"ನನ್ನ ಕೈಯಾಗ ತ್ರಾಣ ಇರೂತನಕ."

"ಅಲ್ಲೆ ಮಂದಿ ಮುಳಗಾಕ ಹತ್ಯಾರ. ಒಂದು ಗೇಟು. ಮುಚ್ಚಿ ಬರತೀನಿ."

"ಮುಚ್ಚಿ ಬರತೀರಿ? ಅಲ್ಲೆ ನೀವು ನೀರೊಡೆಯ. ಇಲ್ಲೆ ಏನು? ನೀರ ತಡಾ ಆದರ ಮೇಲೋಣಿ ಹೆಂಗಸರ ಕಡೆ ಬೈಸಿಕೊಳ್ಳಾಂವ. ಯಾರ ಬರತಾರ ತಿರುಗಿ?" ಎಂದು ಅಕ್ಕ ನನ್ನ ಕಡೆ ತಿರುಗಿದಳು. "ನೀನ ಹೇಳೋ ಈರಪಾಕ್ಷಿ, ಬರತಾರ?"

ನಾನು ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡೆ. ಮಾಮಾನೂ ಉತ್ತರ ಕೊಡಲಿಲ್ಲ. ಅವನು ಕೊಡದೇ ಇದ್ದದ್ದೇ ಅಕ್ಕನನ್ನು ಹೆದರಿಸಿತು. ಅವಳು ಒಂದು ಹಿಟ್ಟಿನ ಉಂಡೆ ತಂದು ಅವನ ಕೈಯಲ್ಲಿಟ್ಟಳು. ಅವನು ಅದನ್ನು ಹಿಸುಕುತ್ತ ಕೂತ.

ಹೀಗಿರುವಾಗ ಬಳೆಗಾರ್ತಿ ಹಲೀಮಾಬಿ ತಿರುಗಿ ಬಂದಳು. ಬಳೆ ತೊಡಿಸುವವರಿಗೆ ಭಯವಿಲ್ಲ, ದಿನವಿಡೀ ಯಾರದಾದರೂ ಕೈ ಅವರ ಕೈಯಲ್ಲಿ ಇದ್ದೇ ಇರುತ್ತದೆ. ಆದರೆ ಮದುಮಗಳೊಬ್ಬಳು ಕಚಗುಳಿಯಾಗಿ ನಕ್ಕು ಸರಕ್ಕನೆ ಕೈ ಎಳೆದುಕೊಂಡಳು, ಹಲೀಮಾಬಿ ಅಂಗಡಿಯ ಚಾಪೆಯ ಮೇಲಿಂದ ಹೋದಳು. ಈಗ ಅದೇ ಚಾಪೆಯ ಮೇಲೆ ಬಿದ್ದಳು, ತಲೆ ಪೂರ್ತಿ ಬೆಳ್ಳಗಾಗಿ. ಸೊಸೆ ಹೆದರಿಕೆಯಲ್ಲಿ ಅತ್ತೆಯ ಎರಡೂ ಕೈಗೆ ಗಾಜಿನ ಬಳೆಯ ಗೊಂಚಲು ತುರುಕಿ ಅರ್ಧ ಒಡೆದಳು. ಸುದ್ದಿ ಸಿಕ್ಕಾಗ ಮಾಮಾ ಊರಾಚೆಯ ನೀರಿನ ಟಾಕಿಯ ಬಳಿ ಇದ್ದ. ಅಕ್ಕ ಒಲೆ ಆರಿಸಿ, ನನ್ನನ್ನು ಎಳೆದುಕೊಂಡು, ಊರೆಲ್ಲ ನೆರೆಯುವ ಮೊದಲೇ ಹಲೀಮಾಬಿಯ ಹಿತ್ತಿಲ ಬಾಗಿಲಿಗೆ ಹೋದಳು.

ಹಲೀಮಾಬಿ ಮಂಚದ ಮೇಲೆ ಕೂತು ಚಹಾ ಊದಿಕೊಳ್ಳುತ್ತಿದ್ದಳು. ಆ ಕಡೆ ಅವಳಿಗೆ ಸಿಕ್ಕ ಕೆಲಸ ಸಿಪಾಯಿಗಳ ಮುಂಗೈಗೆ ಕಬ್ಬಿಣದ ಕಡಗ ತೊಡಿಸುವುದಂತೆ. "ಎಂಥೆಂಥಾ ಕೈ ಬಂದ್ವು ನನ್ನವ್ವಾ, ಕಂಬದಂಥಾವು. ಒಂದ ಕಡಗಾನೂ ಬಿಗಿ ಆತು ಅಂತ ಯಾರೂ ಅಂದಿಲ್ಲ" ಎಂದು ಶುರು ಮಾಡಿದಳು.

ಅಕ್ಕ ಅವಳ ಮಾತನ್ನು ತಡೆದಳು. "ಚಾಚಿ, ದೊಡ್ಡ ಕಟ್ಟಿ ನೋಡಿಯೇನು? ಹಿರೀ ತೂಬು?"

ಹಲೀಮಾಬಿ ಲೋಟ ಕೆಳಗಿಟ್ಟು, ಕೂಡಲೇ ನೆನಪಾಗಿ ಮತ್ತೆ ಎತ್ತಿಕೊಂಡಳು. "ನೋಡೀನಿ. ನಮ್ಮ ದಂಡು ಗುಡ್ಡದ ಮ್ಯಾಲಿಂದ ಹಾದು ಹೋತು. ಅರ್ಧ ಮುಚ್ಚೇತಿ, ಅರ್ಧ ಹಂಗ ಐತಿ. ಗಾಲಿಗೆ ಮಂದಿ ಜೋತು ಬಿದ್ದಾರ ಗಂಗವ್ವಾ. ಗಂಡಸರು, ಹೆಂಗಸರು, ಪಾಳಿ ಮ್ಯಾಲೆ. ಬಿಟ್ಟರ ಅದು ಗರಗರ ತಿರುಗಿ ಪೂರಾ ತೆರೀತದ ಅಂತ. ಮುಚ್ಚಾಕೂ ಬರವಲ್ಲದು. ಜಗ್ಗಿದಷ್ಟೂ ಕಚ್ಚಿಕೊಂಡು ಕೂತೈತಿ. ಒಬ್ಬಾಕಿ ಕೂಸನ್ನ ಬೆನ್ನಿಗೆ ಕಟಗೊಂಡು ಜೋತು ಬಿದ್ದಿದ್ಲು. ನೀರೊಡೆಯ ಬರತಾನ ಅಂತ ಕಾಯಾಕ ಹತ್ಯಾರ."

ಹಿತ್ತಿಲಲ್ಲಿ ಒಂದು ಕೋಳಿ ಕೆದರುತ್ತಿತ್ತು. ಅಕ್ಕ ಬಾಗಿಲು ಮುಂದೆ ಮಾಡಿದಳು. ಆಮೇಲೆ ಹಲೀಮಾಬಿಯ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ನಾಳೆ ಬಾವಿಕಟ್ಟಿ ಮ್ಯಾಲೆ ಕೂತು ಮುಚ್ಚೇತಿ ಅಂತ ಹೇಳು."

"ಏನು?"

"ತೂಬು ಮುಚ್ಚೇತಿ, ಮಂದಿ ಆರಾಮದಾರ ಅಂತ."

"ಸುಳ್ಳ ಹೇಳಂತಿ? ಬಾವಿಕಟ್ಟಿ ಮ್ಯಾಲೆ ಕೂತು?"

"ನಿನಗ ಸೊಸಿ ಅದಾಳ, ಮಗ ಅದಾನ, ಮೊಮ್ಮಕ್ಕಳದಾವ. ನನಗ ಅವರೊಬ್ರ ಚಾಚಿ. ಖರೇ ಹೇಳಿದಿ ಅಂದರ ನಾಡಿದ್ದು ನನ್ನ ಮನ್ಯಾಗ ಬರೇ ಅವರ ಚಪ್ಪಲ ಇರತಾವ."

ಹಲೀಮಾಬಿ ನನ್ನ ಮುಖ ನೋಡಿದಳು. ನಾನು ನನ್ನ ಕ್ಲಾರಿಯೋನೆಟ್ ನೋಡಿದೆ. ಕೊನೆಗೆ ಮುದುಕಿ, "ದೇವರು ನಿನ್ನ ಲೆಕ್ಕದಾಗ ಬರಕೊಳ್ಳಲಿ, ನನ್ನ ಲೆಕ್ಕದಾಗ ಬ್ಯಾಡ" ಎಂದು ಒಪ್ಪಿಕೊಂಡಳು.

ಮರುದಿನ ಸಂಜೆ ಬಾವಿಕಟ್ಟೆಯ ಸುತ್ತ ಕಾಲಿಡಲು ಜಾಗವಿರಲಿಲ್ಲ. ಮಾಮಾ ಎಲ್ಲರಿಗಿಂತ ಮುಂದೆ, ಕೀಲಿಯನ್ನು ಊರುಗೋಲಿನಂತೆ ಹಿಡಿದು ನಿಂತಿದ್ದ. ಹಲೀಮಾಬಿ ಕಡಗಗಳ ಕಥೆ ಹೇಳಿ ನಗಿಸಿದಳು, ಒಂಟಿ ಕೊಂಬಿನ ಪ್ರಾಣಿಯೊಂದು ಅಡುಗೆಯ ಡೇರೆಗೆ ನುಗ್ಗಿ ಬೇಳೆಯನ್ನೆಲ್ಲ ಕುಡಿದದ್ದನ್ನು ಹೇಳಿದಳು. ಆಮೇಲೆ ತೂಬಿನ ಮಾತಿಗೆ ಬಂದಳು. "ಅದು ಮುಚ್ಚೇತ್ರಿ. ಪೂರಾ ಮುಚ್ಚೇತಿ. ನೀರು ಇಳದೈತಿ. ಕೆಳಗಿನ ಊರವರು ನೆಲ ಹದ ಮಾಡಿ ಬಿತ್ತಿಗಿ ಸುರು ಮಾಡ್ಯಾರ." ಊರು ದಬದಬನೆ ನೆಲ ಗುದ್ದಿತು. ಕೋಟೆಯ ಪಂತದಲ್ಲಿ ಸೋತವರು ತೂಬಿನ ಪಂತದಲ್ಲಿ ಗೆದ್ದರು.

ಗದ್ದಲ ಇಳಿದ ಮೇಲೆ ಮಾಮಾ ಕೇಳಿದ, "ಏನು ಬಿತ್ಯಾರ ಚಾಚಿ?"

ಹಲೀಮಾಬಿ ಅರೆಗಳಿಗೆ ತಡೆದಳು. "ಜ್ವಾಳ" ಎಂದಳು.

ಮಾಮಾ ಅವಳ ಮುಖವನ್ನೇ ನೋಡಿದ. ಆಮೇಲೆ ತಿರುಗಿ ಗುಂಪಿನೊಳಗೆ ಅಕ್ಕ ಎಲ್ಲಿದ್ದಾಳೆಂದು ಹುಡುಕಿದ. ಕಂಡಳು. "ಚಲೋ ಆತು" ಎಂದು ನಕ್ಕ. ಅಷ್ಟು ದೊಡ್ಡದಾಗಿ ಅವನು ನಕ್ಕದ್ದನ್ನು ಯಾರೂ ನೋಡಿರಲಿಲ್ಲ. ಅವತ್ತು ಮನೆಗೆ ಬಂದು ಮೂರು ರೊಟ್ಟಿ ಹೆಚ್ಚಿಗೆ ತಿಂದ.

ಅಲ್ಲಿಂದ ಮಾಮಾ ಬೇರೆಯ ಮನುಷ್ಯನಾದ. ಯಾರೂ ಹೇಳದೆ ತಾನೇ ಕೈಗೆ ಏನಾದರೂ ತೆಗೆದುಕೊಳ್ಳುತ್ತಿದ್ದ. ಕೀಲಿಗೆ ಎಣ್ಣೆ ಹಚ್ಚಿ ಉಜ್ಜುತ್ತಿದ್ದ, ಸೆರಗಿನ ತುದಿಯನ್ನು ತಾನೇ ಕೇಳಿ ಹಿಡಿದುಕೊಂಡು ಮಲಗುತ್ತಿದ್ದ. ಅಂಗಡಿಕಾರರು ಬೆಲ್ಲ ಕೊಡುವುದನ್ನು ನಿಲ್ಲಿಸಿದಾಗ, "ಯಾಕ್ರೋ, ನನ್ನ ಪಾಲು ಎಲ್ಲೆ?" ಎಂದು ಜಗಳ ತೆಗೆದ. ಅಕ್ಕನಿಗೆ ಬೇಕಾಗಿದ್ದುದು ಸಿಕ್ಕಿತ್ತು. ಆದರೆ ಅವಳು ಸೊರಗುತ್ತ ಬಂದಳು. ಅಡುಗೆಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಇಲ್ಲವೇ ಬೀಳುತ್ತಲೇ ಇರಲಿಲ್ಲ. ಮನೆಯ ನಲ್ಲಿಯಲ್ಲಿ ನೀರು ತೊಟ್ಟಿಕ್ಕಿದರೆ ಸಾಕು, ಎದ್ದು ಹೋಗಿ ಬಿಗಿ ಮಾಡುತ್ತಿದ್ದಳು, ಮತ್ತೆ ಬಂದು ಕೂತು ಮತ್ತೆ ಏಳುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಅಕ್ಕನ ಮನೆಗೆ ಹೋದಾಗ ಹಿತ್ತಿಲಲ್ಲಿ ಹಲೀಮಾಬಿ ಮತ್ತು ಅಕ್ಕ ಕೂತಿದ್ದರು. ಮುದುಕಿ ಕಡ್ಡಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದಳು: ಬಯಲು ಇದು, ಎಡಕ್ಕೆ ಸುಟ್ಟ ಮರದ ಸಾಲು, ಹೊಳೆಯ ಸಪ್ಪಳ ಕೇಳಿದ ಮೇಲೆ ಬಲಕ್ಕೆ. ಅಕ್ಕ ಕೇಳುತ್ತಿದ್ದಳು, ಗಾಲಿಯ ಕಡ್ಡಿಗಳು ಕೈಯಳತೆಯವೋ ದಪ್ಪವೋ, ಕೆಳಗೆ ಕಾಲು ಕೊಡಲು ಕಲ್ಲಿದೆಯೋ. ನನಗೆ ತಿಳಿಯಿತು. ಹಲೀಮಾಬಿ ಹೋಗುವವರೆಗೆ ಕಾದು ಅಕ್ಕನ ಕೈ ಹಿಡಿದೆ.

"ಏನ್ ನಡಿಸೀದಿ ನೀನು?"

"ನೆಟ್ಟಗ ಹಿಡಕೋ, ಬಳಿ ಒಡದೀತು" ಎಂದಳು. ಆಮೇಲೆ ನಲ್ಲಿಯ ಕಟ್ಟೆಯ ಮೇಲೆ ಕೂತು ಹೇಳಿದಳು: "ಆ ಕೂಸ ಕಟಗೊಂಡಾಕಿ ನನ್ನ ಕಣ್ಣ ಮುಂದಿಂದ ಸರೀವಲ್ಲಳೋ ತಮ್ಮಾ. ಊಟಕ್ಕ ಕೂತರೂ ಅಕಿ ಜೋತಾಡತಾಳ. ಅವರು ತಪ್ಪ ಮಾಡಾಕ ಹತ್ಯಾರ. ಕಚ್ಚಿದ ಗಾಲಿ ಜಗ್ಗಿದರ ಬರೂದಿಲ್ಲ. ಒಂದೀಟ ಹಿಂದಕ ಬಿಟ್ಟು, ಕೆಸರ ಉದುರಿದ ಮ್ಯಾಲೆ ತಿರುಗಿ ಬಿಗಿ ಮಾಡಬೇಕು. ಮುಳಗೋ ಮಂದಿಗೆ ಹಿಂದಕ ಬಿಡು ಅಂದರ ಹೆಂಗ ಬಿಟ್ಟಾರು? ಅಪ್ಪ ಮೇಲೋಣಿ ವಾಲ್ವಿನಾಗ ಹಿಂಗ ಮಾಡತಿದ್ದ. ನೀ ಆಗ ಪೀಪಿ ಊದಕೋತ ತಿರಗತಿದ್ದಿ."

"ಮಾಮಾಗ ಹೇಳು. ಖರೇ ಹೇಳಿಬಿಡು. ಅವರು ಹೋಗಿ ಮಾಡತಾರ."

"ಅವರು ಹೋದರ ಬರೂದಿಲ್ಲ. ಗೇಟು ಮುಚ್ಚಿದರ ಸಾಕು, ಮಂದಿ ಹೆಗಲ ಮ್ಯಾಲೆ ಹೊತ್ತ ಮೆರಸತಾರ. ಮತ್ತೊಂದ ಗೇಟು, ಮತ್ತೊಂದ ದಂಡು. ಅವರಿಗೆ ಅಲ್ಲೆ ಹೆಸರೈತಿ. ನಾ ಅಲ್ಲೆ ಯಾರಾಕಿ? ಯಾರೂ ಅಲ್ಲ. ಮುಚ್ಚತೀನಿ, ಕೈ ಝಾಡಸ್ತೀನಿ, ಬರತೀನಿ." ಅವಳು ಎದ್ದು ಹಿತ್ತಿಲಂಗಳದಲ್ಲಿ ಒಂದು ಜಾಗವನ್ನು ಕಾಲಿನಿಂದ ಸ್ವಚ್ಛ ಮಾಡಿದಳು. "ಇಲ್ಲೆ ಚಲೋ. ಬಿದ್ದರೂ ಪೆಟ್ಟಾಗೂದಿಲ್ಲ. ಅವರು ಈಗ ಹುರದ ಅಳ್ಳಿನಂಗ ಹಗರ ಆಗ್ಯಾರ, ಆರಾಮದಾರ. ಅವರಿಗೇನೂ ಆಗಬಾರದು. ಅವರು ಮನೀಗಿ ಬಂದ ಮ್ಯಾಲೆ ನೀನ ಹೇಳು."

ನಾನು ಬೇಡಿಕೊಂಡೆ, ಬೈದೆ, ಮಾಮಾ ಬರುವವರೆಗೆ ಕೈ ಬಿಡುವುದಿಲ್ಲ ಎಂದು ಹಟ ಹಿಡಿದೆ. ಅಕ್ಕ ಕೇಳುತ್ತ ನಿಂತಳು. ಬಿಸಿಲು ಅಂಗಳದ ನಡುವಿಗೆ ಬಂದಿತ್ತು. ಅವಳು ನನ್ನ ಹಿಡಿತದಿಂದ ಕೈ ಕಿತ್ತುಕೊಳ್ಳಲಿಲ್ಲ. ಅವಳಿಗೆ ನನಗಿಂತ ಹೆಚ್ಚು ತ್ರಾಣವಿತ್ತು, ಕಿತ್ತುಕೊಳ್ಳಬಹುದಿತ್ತು. "ನಾ ಅವರಿಗೆ ಸುಳ್ಳ ಹೇಳಿಸಿ ಹಿಡಕೊಂಡೀನಿ ಈರಪಾಕ್ಷಿ. ಅದರ ಭಾರ ಅಲ್ಲೆ ಯಾರೋ ಹೊರಾಕ ಹತ್ಯಾರ. ಅಷ್ಟ ಇಳಿಸಿ ಬರತೀನಿ, ಬಿಡು" ಎಂದಳು. ನಾನು ಬಿಟ್ಟೆ. ಬಳೆಯ ಗುರುತು ನನ್ನ ಅಂಗೈಯಲ್ಲಿ ಮೂಡಿತ್ತು. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯನ್ನು ಮೈಯಿಂದ ದೂರ ಚಾಚಿ, ಮಳೆ ಬರುತ್ತದೋ ಎಂದು ನೋಡುವವರಂತೆ ನಿಂತಳು. "ಒಲಿ ಮ್ಯಾಲೆ ಹಾಲು ಐತಿ, ನೋಡು" ಎಂದಳು. ನಾನು ಒಲೆಯ ಕಡೆ ತಿರುಗಿದೆ. ಹಾಲು ಇರಲಿಲ್ಲ.

ಮಾಮಾ ಬಂದಾಗ ನಾನು ಅದೇ ಜಾಗದ ಮುಂದೆ ಕೂತಿದ್ದೆ. ಕೀಲಿ ಹೆಗಲ ಮೇಲಿತ್ತು, ಪ್ಯಾಂಟು ಮೊಣಕಾಲವರೆಗೆ ಕೆಸರಾಗಿತ್ತು. ಒಂದು ಸಲ ನನ್ನನ್ನೂ ಒಂದು ಸಲ ಗುಡಿಸಿದ ನೆಲವನ್ನೂ ನೋಡಿದ. ನಾನು ಹೇಳಿದೆ, ಹಲೀಮಾಬಿಯ ಹಿತ್ತಿಲಿನಿಂದ ಶುರು ಮಾಡಿ ಎಲ್ಲವನ್ನೂ. ಮುಗಿದ ಮೇಲೆ ನಲ್ಲಿಯ ಕಟ್ಟೆಯ ಮೇಲೆ ಮೆಲ್ಲಗೆ ಕೂತ.

"ಆ ಕೆಳಗಿನ ಊರಾಗ ಯಾರೂ ಬಿತ್ತೂದಿಲ್ಲೋ" ಎಂದ. "ಬರೇ ಕಲ್ಲು. ಮೀನ ಹಿಡದು ತಿನ್ನೋ ಮಂದಿ. ಜ್ವಾಳ ಅಂದರ ಏನಂತ ಕೇಳತಿದ್ರು ನನ್ನ."

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕೇಳಿದೆ, "ಅಂದರ ನಿಮಗ ಅವತ್ತ ಗೊತ್ತಾಗಿತ್ತು?"

"ಜ್ವಾಳ ಅಂದ ಕೂಡಲೇ ಗೊತ್ತಾತು. 'ಇದು ಚಾಚಿ ಮಾತಲ್ಲ, ಗಂಗಾನ ಮಾತು' ಅಂತ. ತಿರುಗಿ ನೋಡಿದ್ನಿ. ಅಕಿ ಹೆಂಗ ನಿಂತಿದ್ಲು ಗೊತ್ತೈತಿ? ನಾ ಈಗ ಏನಂತೀನೋ ಅಂತ, ಉಸಿರ ಬಿಗಿ ಹಿಡದು. ಇಷ್ಟ ಮಾಡಿ ನನ್ನ ಇಟ್ಕೋತಾಳಲ್ಲ ಅನಸ್ತು. ಇರೂಣು ಅಂದ್ಕೊಂಡೆ. ನಗೂದು ಎಷ್ಟ ತ್ರಾಸಿನ ಕೆಲಸ ಅನ್ನೂದು ಇಷ್ಟ ದಿನದಾಗ ಗೊತ್ತಾತು ನೋಡು. ನಾ ನಕ್ಕೋತ ಇದ್ದೆ, ಅಕಿ ಆರಾಮದಾಳ ಅನಕೊಂಡು."

"ಅಕ್ಕನೂ ನೀವು ಆರಾಮದೀರಿ ಅಂತ..."

"ಹೂಂ" ಎಂದ ಮಾಮಾ.

ಆಮೇಲೆ ಅವನು ಎದ್ದ. ಹೆಗಲ ಮೇಲಿನ ಕೀಲಿಯನ್ನು ಇಳಿಸಿ, ಮಗುವನ್ನು ಮಲಗಿಸುವಷ್ಟು ಮೆತ್ತಗೆ ಗೋಡೆಗೆ ಒರಗಿಸಿಟ್ಟ. ನಡೆದು ಅಕ್ಕ ನಿಂತಿದ್ದ ಜಾಗಕ್ಕೆ ಬಂದ. ಎರಡೂ ಕೈ ಖಾಲಿ. ನಾನು ಎದ್ದು ನಿಂತೆ. ಅಕ್ಕನ ಕೈಯನ್ನು ಬಿಟ್ಟವನು ಇವನ ಕೈಯನ್ನು ಯಾವ ಮುಖ ಹೊತ್ತು ಹಿಡಿಯಲಿ? ಪಕ್ಕದ ಮನೆಯಲ್ಲಿ ಯಾರೋ ಕೊಡಪಾನ ತೊಳೆಯುವ ಸದ್ದು ಕೇಳುತ್ತಿತ್ತು. ಈ ಮನೆಯಲ್ಲಿ ಈಗ ಅವನಿಗೆ ಬೆಳ್ಳುಳ್ಳಿ ತಂದುಕೊಡುವವರು ಯಾರೂ ಇರಲಿಲ್ಲ. ಅವನು ತನ್ನ ಅಂಗೈಗಳನ್ನು ನೋಡಿಕೊಂಡ. ಸುಲಿದ ಜಾಗದಲ್ಲಿ ಹೊಸ ಚರ್ಮ ಬಂದು ಅಲ್ಲಿ ಮಾತ್ರ ತಿಳಿಬಣ್ಣವಿತ್ತು. ಆಮೇಲೆ ಮೂರು ಹೆಜ್ಜೆ ಹಿಂದೆ ಬಂದು ಬಗ್ಗಿ ನಲ್ಲಿಯ ತಿರುಪನ್ನು ಹಿಡಿದುಕೊಂಡ. ಹಿಡಿದ ರಭಸಕ್ಕೆ ನೀರು ಬುಳಕ್ಕೆಂದು ಬಂದು ಅವನ ಕಾಲನ್ನೆಲ್ಲ ತೋಯಿಸಿತು.

"ನಾನೂ ಹೋದರ, ಅಕಿ ಬಂದು ಬಿದ್ದಾಗ ಕೈಗೆ ಕೊಡಾಕ ಯಾರದಾರ?" ಎಂದ.

"ನಾ ಇದ್ದೀನಲ್ಲ ಮಾಮಾ."

"ನೀ? ಯಾವುದರ ಮದವಿ ಮೆರವಣಿಗಿಯಾಗ ಊದಕೋತ ಹೊಂಟಿರತಿ. ನಿನ್ನ ನಂಬಿದರ ಅಕಿ ಎರಡೂ ಕಡೆ ಚೆಂಡಿನಂಗ ಪುಟದಾಡಬೇಕಾಗತೈತಿ." ಸ್ವಲ್ಪ ಹೊತ್ತು ಅವನು ನಲ್ಲಿಯನ್ನು ಹಿಡಿದು ಬಗ್ಗಿಕೊಂಡೇ ಇದ್ದ. ಅಳುತ್ತಿದ್ದನೋ ಏನೋ, ನೀರಿನ ಸದ್ದಿನಲ್ಲಿ ತಿಳಿಯಲಿಲ್ಲ. ಆಮೇಲೆ ಮುಖ ಒರೆಸಿಕೊಂಡು ಕೇಳಿದ, "ಹಿಂದಕ ಬಿಟ್ಟು ಬಿಗಿ ಮಾಡೂದು ಅಂದ್ಲು?"

"ಹೂಂ. ಕೆಸರ ಉದುರಿದ ಮ್ಯಾಲೆ, ಅಂದ್ಲು."

"ನನಗೂ ಅಕೀನ ಹೇಳಿಕೊಟ್ಟದ್ದು, ಮದವಿ ಆದ ಹೊಸದಾಗ. ಅಲ್ಲೆ ಅಷ್ಟ ಹೊತ್ತು ಜಗ್ಗಿದ್ನಲ್ಲ, ಆ ಗದ್ದಲದಾಗ ನೆನಪ ಆಗಲಿಲ್ಲ ನನಗ." ಅವನು ತಲೆ ಅಲ್ಲಾಡಿಸಿದ. "ನೀರೊಡೆಯ ಅಂತ!"

ನಾನು ಕೀಲಿ ತಂದು ಕೊಟ್ಟೆ. ಮಾಮಾ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಆ ಜಾಗಕ್ಕೆ ಕೈ ನಿಲುಕುವಷ್ಟು ಹತ್ತಿರ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ನಲ್ಲಿ ನಿಲ್ಲಿಸಲು ಹೋದೆ, ಬೇಡ ಎಂದ. ಹೊತ್ತು ಇಳಿಯುತ್ತಿತ್ತು. ಕೆಳಗಿನ ಓಣಿಗೆ ಅವತ್ತು ನೀರಿನ ಸರದಿ, ಅದನ್ನು ಬಿಡುವುದು ಯಾರು, ಕೀಲಿ ತೆಗೆದುಕೊಂಡು ನಾನೇ ಹೋಗಬೇಕೋ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಪಕ್ಕದ ಮನೆಯ ಹೆಣ್ಣುಮಗಳು ಗೋಡೆಯ ಮೇಲಿಂದ ಇಣುಕಿ, ಖಾಲಿ ಬಟ್ಟಲನ್ನು ಅಲ್ಲಾಡಿಸಿ, "ಗಂಗಕ್ಕ ಎಲ್ಲೆ ಅಣ್ಣಾರ? ಒಂದೀಟು ಹೆಪ್ಪು ಬೇಕಾಗಿತ್ತು" ಎಂದಳು.

ಮಾಮಾ ನೆಲದಿಂದ ಕಣ್ಣು ಎತ್ತದೆ ಹೇಳಿದ, "ಕೆಲಸಕ್ಕ ಹೋಗ್ಯಾಳವಾ. ಬರತಾಳ."